ಮಕರೋನ್ ಸೇಡು

ಸೆವರಿನ್ ಒಂದು ಬಿಲ್ಲೆ ಎತ್ತಿ ಕಚ್ಚಿದ. ದವಡೆ ಹಿಡಿದುಕೊಂಡ. ಆಮೇಲೆ ಜೋರಾಗಿ ನಕ್ಕುಬಿಟ್ಟ.

"ಇದೆಂತ ಮಾರಾಯ್ರೆ, ಬಿಸ್ಕೂಟಾ, ಸುಣ್ಣದ ಕಲ್ಲಾ?"

೧೯೩೬ರ ಮೊಂತಿ ಹಬ್ಬ, ಸೆಪ್ಟೆಂಬರಿನಲ್ಲಿ ಬರುವ ಮೇರಿ ಮಾತೆಯ ಹಬ್ಬ. ಇಗರ್ಜಿಯ ಅಂಗಳದಲ್ಲಿ ತಿಂಡಿ ಮಾರಾಟ ನಡೆದಿತ್ತು. ಸುತ್ತಲಿದ್ದವರೆಲ್ಲ ಸೆವರಿನ್‌ನ ಜೊತೆ ನಕ್ಕರು. ಬಂದರಿನಲ್ಲಿ ಬೇಕರಿ ಇಟ್ಟಿದ್ದವನು ಅವನು. ತಿಂಡಿಯ ವಿಷಯದಲ್ಲಿ ಅವನು ಹೇಳಿದ್ದೇ ತೀರ್ಪು.

ಪಕ್ಕದ ಮೇಜಿನಲ್ಲಿ ಚಹಾ ಬಗ್ಗಿಸುತ್ತಿದ್ದ ಮಟಿಲ್ಡಾಳ ಕೈ ನಿಂತುಹೋಯಿತು. ಅವನ ಕೈಯಲ್ಲಿದ್ದದ್ದು ಮಕರೋನ್, ಬಾದಾಮಿ ಹಿಟ್ಟಿನ ಬಿಲ್ಲೆ; ಅವಳಿಗೆ ಅದನ್ನು ಹೇಳಿಕೊಟ್ಟದ್ದು ಕಾನ್ವೆಂಟಿನ ಫ್ರೆಂಚ್ ಸಿಸ್ಟರ್. ಊರಿಗೆ ಗೊತ್ತಿದ್ದಂತೆ ಅದನ್ನು ಮಾಡಲು ಹೊರಟವಳು ಅವಳೊಬ್ಬಳೇ. ಎಲ್ಲರ ಕಣ್ಣು ಅವಳತ್ತ ತಿರುಗಿತು.

ಸೆವರಿನ್ ಕೂಡ ತಿರುಗಿದ. ಅವನ ನಗು ತಟ್ಟನೆ ನಿಂತಿತು. ಏನೋ ಹೇಳಲು ಬಾಯಿ ತೆರೆದವನು ಪಕ್ಕದ ತಟ್ಟೆಯಿಂದ ಇನ್ನೊಂದು ಬಿಲ್ಲೆ ಎತ್ತಿಕೊಂಡು ಜನರ ನಡುವೆ ಸರಿದುಹೋದ.

ಮಟಿಲ್ಡಾ ಮಕರೋನ್‌ಗಳನ್ನೆಲ್ಲ ಮನೆಗೆ ತಂದು ಕೋಳಿಗಳಿಗೆ ಸುರಿದಳು. ವಾರದೊಳಗೆ ಅವಳಿಗೆ 'ಸುಣ್ಣದ ಮಟಿಲ್ಡಾ' ಎಂಬ ಹೆಸರು ಬಿತ್ತು. ಕೂಳೂರಿನಿಂದ ಬಂದಿದ್ದ ಸಂಬಂಧವೂ ತಪ್ಪಿತು. ಊರೆಲ್ಲ ನಗುವ ಹುಡುಗಿ ತಮಗೆ ಬೇಡವೆಂದು ಗಂಡಿನ ಕಡೆಯವರು ಹೇಳಿ ಕಳಿಸಿದರು.

ಅಮ್ಮ ಅತ್ತರು. ಮಟಿಲ್ಡಾ ಅಳಲಿಲ್ಲ.

'ಅವನ ಅನ್ನವನ್ನು ಅದೇ ಮಕರೋನ್‌ನಿಂದ ಕಸಿಯದಿದ್ದರೆ ನಾನು ಮಟಿಲ್ಡಾ ಅಲ್ಲ.'

ಸಿಸ್ಟರ್ ಹೇಳಿಕೊಟ್ಟ ಕ್ರಮದ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು, ಬೇರೆಯೇ ಕ್ರಮ ಹುಡುಕತೊಡಗಿದಳು. ಬಂದರಿನ ಮುನೀರಾಳ ಅಂಗಡಿಯಿಂದ ಬಾದಾಮಿ ತಂದಳು. ಸಿಪ್ಪೆ ಸುಲಿದು, ಒಣಗಿಸಿ, ಬೀಸಿ, ಮಸ್ಲಿನ್ ಬಟ್ಟೆಯಲ್ಲಿ ಸೋಸಿದಳು. ಮೊಟ್ಟೆಯ ಬಿಳಿಯನ್ನು ಭುಜ ಸೋಲುವಷ್ಟು ಕಡೆದಳು. ಮೊದಲ ಸಲ ಬಿಲ್ಲೆಗಳು ಬಿರಿದವು. ಎರಡನೆಯ ಸಲ ಚಪ್ಪಟೆಯಾದವು. ಮಳೆ ಬಂದ ದಿನ ಅಂಟಾಗಿ ಕೂತವು.

"ಎಷ್ಟು ಮೊಟ್ಟೆ ಹಾಳು ಮಾಡ್ತೀ ಮಗಾ?" ಅಮ್ಮ ಕೇಳಿದರು.

"ಅವನ ನಗು ಹೋಗುವ ತನಕ."

ಬಿಲ್ಲೆಗಳ ಮೇಲ್ಮೈ ಕೈಗೆ ಅಂಟದಷ್ಟು ಒಣಗಿದ ಮೇಲೆಯೇ ಬೇಯಿಸಬೇಕು ಎಂಬುದು ಅವಳಿಗೆ ತಿಳಿದದ್ದು ನವೆಂಬರಿನಲ್ಲಿ. ಪಾತ್ರೆಯ ಕೆಳಗೆ ಸಣ್ಣ ಕೆಂಡ, ಮುಚ್ಚಳದ ಮೇಲೂ ಕೆಂಡ. ಒಂದು ಮಧ್ಯಾಹ್ನ ಮುಚ್ಚಳ ತೆಗೆದಾಗ ನುಣುಪಾದ ಬಿಲ್ಲೆಗಳು, ಅಂಚಿನಲ್ಲಿ ಸಣ್ಣ ನೆರಿಗೆ. ಎರಡರ ನಡುವೆ ಜಾಮ್ ಸವರಿ ಬಾಯಿಗಿಟ್ಟಳು. ಮೇಲೆ ಗರಿಗರಿ, ಒಳಗೆ ಮೆತ್ತಗೆ.

ಜನವರಿಯಲ್ಲಿ ಎಡ್ವಿನ್ ಸಾಹುಕಾರರ ಮಗಳು ಹೆಲನ್‌ಳ ಮದುವೆ. ತಿಂಡಿಯೆಲ್ಲ ಸೆವರಿನ್‌ನ ಬೇಕರಿಯದೆಂದು ಮಾತಾಗಿತ್ತು. ಮಟಿಲ್ಡಾ ಒಂದು ಡಬ್ಬಿ ಮಕರೋನ್ ಹಿಡಿದು ಅವರ ಮನೆಗೆ ಹೋದಳು. ಹೆಲನ್ ಒಂದು ತಿಂದಳು, ಇನ್ನೊಂದಕ್ಕೆ ಕೈ ಹಾಕಿದಳು. ಸೆವರಿನ್‌ನ ಕೈಯಿಂದ ಆ ಮದುವೆಯ ತಿಂಡಿಯ ಕೆಲಸ ಜಾರಿತು.

ಅಷ್ಟಕ್ಕೆ ಅವಳ ಎದೆಯ ಕಿಚ್ಚು ಆರಲಿಲ್ಲ. ಬೇಕೆಂದೇ ಅವನಿಗೂ ನಾಲ್ಕು ಮಕರೋನ್ ಕಳಿಸಿದಳು. ಜೊತೆಗೊಂದು ಚೀಟಿ: 'ಹೆದರಬೇಡಿ, ಹಲ್ಲು ಮುರಿಯುವುದಿಲ್ಲ.'

ಮರುದಿನ ಮಧ್ಯಾಹ್ನ ಸೆವರಿನ್ ಅವಳ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

"ಜಗಳಕ್ಕೆ ಬಂದದ್ದಾ?"

"ಅಲ್ಲ. ಒಂದು ಮಾತು ಹೇಳ್ಲಿಕ್ಕುಂಟು." ಅವನು ತಲೆ ತಗ್ಗಿಸಿದ. "ಅವತ್ತು ನಾನು ಕಚ್ಚಿದ್ದು ನಿಮ್ಮದಲ್ಲ."

"ಎಂತ?"

"ನನ್ನದೇ. ಫ್ರೆಂಚರ ಮಾಹೆ ಊರಲ್ಲಿ ಒಮ್ಮೆ ತಿಂದಿದ್ದೆ, ಗುಟ್ಟಿನಲ್ಲಿ ಮಾಡಿ ನೋಡಿದೆ. ಜನ ಎಂತ ಹೇಳ್ತಾರೆ ನೋಡುವ ಅಂತ ಹೆಸರು ಹಾಕದೆ ನಿಮ್ಮ ತಟ್ಟೆಯ ಪಕ್ಕ ಇಟ್ಟೆ. ನಕ್ಕದ್ದು ನನಗೇ. ಆಮೇಲೆ ನಿಮ್ಮದನ್ನೂ ಒಂದು ತಿಂದೆ... ಚೆನ್ನಾಗಿತ್ತು, ಮಟಿಲ್ಡಾ."

ಮಟಿಲ್ಡಾ ಹಿತ್ತಲಿನತ್ತ ನೋಡಿದಳು. ಕೋಳಿಗಳಿಗೆ ಸುರಿದದ್ದು ಅದನ್ನೇ...

"ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ್ರಿ."

"ಹೌದು. ಬೇಕರಿಯವನ ಮರ್ಯಾದೆ ಹೋಗ್ತದೆ ಅಂತ ಹೆದರಿದೆ. ಹೇಳಲಿಕ್ಕೆ ಎಷ್ಟೋ ಸಲ ಈ ಗೇಟಿನ ತನಕ ಬಂದಿದ್ದೇನೆ. ನಿಮ್ಮನ್ನು ನೋಡಿದರೆ ಮಾತು ಹೊರಡ್ತಿರಲಿಲ್ಲ. ನನಗೆ ಪ್ರೀತಿ ಇದ್ದವಳಿಗೇ ಅನ್ಯಾಯ ಮಾಡಿದೆ."

ಪ್ರೀತಿ ಎಂಬ ಮಾತು ಅವಳಿಗೆ ಹಿತವೆನಿಸಿತು. ಸಿಟ್ಟು ಮಾತ್ರ ಕದಲಲಿಲ್ಲ.

"ನನ್ನ ಅಡುಗೆಮನೆಯಲ್ಲಿ ಹೇಳಿ ಪ್ರಯೋಜನ ಇಲ್ಲ. ನನ್ನನ್ನು ನೋಡಿ ನಕ್ಕವರ ಮುಂದೆ ಹೇಳಿ."

ಭಾನುವಾರ ಪೂಜೆ ಮುಗಿದ ಮೇಲೆ ಸೆವರಿನ್ ಇಗರ್ಜಿಯ ಮೆಟ್ಟಿಲ ಮೇಲೆ ನಿಂತ. ನಡೆದದ್ದನ್ನೆಲ್ಲ ಹೇಳಿದ, ಒಂದನ್ನೂ ಬಿಡದೆ. ಜನ ನಗತೊಡಗಿದರು. ಇನ್ನು ಅವನ ಬೇಕರಿಯ ರೊಟ್ಟಿಗೆ ಸುತ್ತಿಗೆ ಬೇಕು ಎಂದು ಯಾರೋ ಕೂಗಿದರು.

ನಾಲ್ಕು ತಿಂಗಳು ಕಾದ ಗಳಿಗೆ! ಮಟಿಲ್ಡಾ ಅವನ ಕೆಂಪೇರಿದ ಮುಖವನ್ನು ಕಣ್ತುಂಬ ನೋಡಿದಳು. ಆಹಾ ಅನಿಸಿತು. ಸ್ವಲ್ಪ ಹೊತ್ತು ಅಷ್ಟೇ. ಆಮೇಲೆ ಆ ನಗು ಅವಳಿಗೇ ಚುಚ್ಚತೊಡಗಿತು. ಅವನು ಓಡಿಹೋಗಲಿಲ್ಲ, ಕೊನೆಯವನು ನಕ್ಕು ಮುಗಿಸುವವರೆಗೂ ನಿಂತೇ ಇದ್ದ.

ಅವಳು ಮೆಟ್ಟಿಲು ಹತ್ತಿ ಅವನ ಪಕ್ಕ ನಿಂತಳು. ಅಂಗಳ ಮೆಲ್ಲನೆ ಖಾಲಿಯಾಯಿತು.

"ಸಮಾಧಾನ ಆಯ್ತಾ?" ಅವನು ಕೇಳಿದ.

"ಇಲ್ಲ. ಇಷ್ಟು ದಿನದ ಸಿಟ್ಟು ಒಂದು ಭಾನುವಾರದಲ್ಲಿ ಹೋಗ್ತದಾ?"

"ಮತ್ತೆಷ್ಟು ಭಾನುವಾರ ಬೇಕು?"

ಅವಳು ಮುಸುಕನ್ನು ಸರಿಮಾಡಿಕೊಂಡಳು.

"ಮೂರು. ಪಾದ್ರಿಗಳು ಮದುವೆಯಾಗುವವರ ಹೆಸರು ಮೂರು ಭಾನುವಾರ ಓದ್ತಾರಲ್ಲ... ಆದರೆ ಮೊದಲು ಅಪ್ಪನನ್ನು ಕೇಳಬೇಕು."

ಸೆವರಿನ್‌ಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ಅಪ್ಪ ಈಗ ಮನೆಯಲ್ಲಿ ಇರ್ತಾರಾ?"

"ಇರ್ತಾರೆ. ನಡೆಯಿರಿ, ನಾನೂ ಬರ್ತೇನೆ."