ಶುಕ್ರವಾರ ಓದದೆ ಬಿಟ್ಟ ಚೀಟಿ

ನನಗೆ ಕೋಪ ಬಂದರೆ ಬಾಯಿಗೆ ತೆಲುಗು ಬರುತ್ತದೆ. ಕಾಲೇಜಿನಲ್ಲಿ ಇದನ್ನು ಮೊದಲು ಕಂಡುಹಿಡಿದವನು ಭೀಮರಾಜ್.

ಬಿಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಡಿಗ್ರಿ, ಮೊದಲ ವರ್ಷ. ಫೀಲ್ಡ್‌ವರ್ಕಿಗೆ ಜೋಡಿ ಹಾಕುವ ದಿನ ಅವನು ನನ್ನ ಹೊಸ ಫೈಲಿನ ಮೇಲೆ ಟೀ ಚೆಲ್ಲಿದ. ಯಲ್ದೂರಿನ ನಮ್ಮ ಮಾವಿನ ತೋಪಿನಲ್ಲಿ ಕೋತಿ ಓಡಿಸುವಾಗ ಬಳಸುವ ಬೈಗುಳಗಳನ್ನೆಲ್ಲ ನಾನು ಒಂದೇ ಉಸಿರಿಗೆ ಅಂದುಬಿಟ್ಟೆ. ಅವನು ಕರ್ಚೀಫಿನಿಂದ ಫೈಲು ಒರೆಸುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

"ಮುಗೀತಾ?" ಎಂದ.

"ಯಾಕೆ, ಅರ್ಥ ಆಗ್ಲಿಲ್ವಾ?"

"ಆಯ್ತಲ್ಲ. ನಮ್ಮೂರು ಮಾಸ್ತೀಲೂ ತೆಲುಗು ಗೊತ್ತು. ಆದ್ರೆ 'ತೋಕ ಕೋಸ್ತಾ' ಅಂದ್ಯಲ್ಲ, ಕತ್ತರಿಸೋಕೆ ನಂಗೆ ಬಾಲ ಎಲ್ಲಿದೆ ಅಂತ ನೋಡ್ಕೊತಿದೀನಿ."

ಅಂದು ಅವನು ನಿಜವಾಗಿಯೂ ಹಿಂದಕ್ಕೆ ತಿರುಗಿ ನೋಡಿಕೊಂಡ. ನಗಬಾರದೆಂದು ತುಟಿ ಕಚ್ಚಿಕೊಂಡೆ, ಆಗಲಿಲ್ಲ. ಪ್ರಿನ್ಸಿಪಾಲ್ ಸಿಸ್ಟರ್ ಅನಿತ ಕನ್ನಡಕದ ಮೇಲಿಂದ ನೋಡಿ, "ಆದಿಲಕ್ಷ್ಮಿ, ಭೀಮರಾಜ್. ಮೂರು ವರ್ಷ ತಾಯಲೂರು ನಿಮ್ಮದು" ಎಂದು ಬರೆದುಕೊಂಡರು.

ಮುಳಬಾಗಿಲು ರಸ್ತೆಯಲ್ಲಿರುವ ನಮ್ಮದು ಚಿಕ್ಕ ಕಾಲೇಜು. ಬಿಎ, ಬಿಕಾಂ, ಬಿಎಸ್‌ಡಬ್ಲ್ಯೂ ಮೂರೂ ಸೇರಿಸಿದರೆ ಮುನ್ನೂರು ಜನ. ಅದರಲ್ಲಿ ಚರ್ಚಿಗೆ ಹೋಗುವವರು ಮೂವತ್ತು ಮಂದಿ ಇದ್ದರೆ ಹೆಚ್ಚು. ಆದರೂ ಪ್ರಾರ್ಥನೆ ಎಲ್ಲರಿಗೂ ಸೇರಿದ್ದು. ಚಾಪೆಲ್ ಬಾಗಿಲ ಪಕ್ಕ ಒಂದು ಮರದ ಡಬ್ಬಿ ಇತ್ತು. ಯಾರಿಗೆ ಏನು ಬೇಕೋ ಅದನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಹಾಕಬಹುದಿತ್ತು. ಶುಕ್ರವಾರದ ಅಸೆಂಬ್ಲಿಯಲ್ಲಿ ಅವನ್ನು ಒಬ್ಬರು ಓದುವುದು, ಒಂದೊಂದಕ್ಕೂ ಮುನ್ನೂರು ಜನ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು" ಎನ್ನುವುದು. ಮೈಕು ಕೈಕೊಟ್ಟರೂ ಕೊನೆಯ ಸಾಲಿಗೆ ಕೇಳುವ ಗಂಟಲು ಎಂದು ಸಿಸ್ಟರ್ ಆ ಕೆಲಸ ನನಗೆ ಕೊಟ್ಟಿದ್ದರು.

"ಒಂದೇ ಮಾತು ಮಗಳೇ. ಬಂದ ಚೀಟಿ ಓದದೆ ಬಿಡಬಾರದು. ಅದು ಇನ್ನೊಬ್ಬರ ಮೊರೆ, ನಿನ್ನದಲ್ಲ."

ನಾನು ಎಲ್ಲವನ್ನೂ ಓದಿದೆ. ಅಜ್ಜಿಯ ಕಣ್ಣಿನ ಆಪರೇಷನ್, ಸ್ಟ್ಯಾಟಿಸ್ಟಿಕ್ಸ್ ಪಾಸಾಗುವುದು, ಅಣ್ಣನ ಕುಡಿತ. ಒಮ್ಮೆ "ಹಾಸ್ಟೆಲಿನ ಉಪ್ಪಿಟ್ಟು ನಿಲ್ಲಲಿ" ಎಂದೂ ಓದಿದೆ. ಸಿಸ್ಟರ್ ಕೂಡ ಆಲಿಸು ಎನ್ನಲೇಬೇಕಾಯಿತು. ಸೋಮವಾರ ಮತ್ತೆ ಉಪ್ಪಿಟ್ಟೇ ಬಂತು, ಆ ಮಾತು ಬೇರೆ.

ಮಂಗಳವಾರ, ಗುರುವಾರ ಫೀಲ್ಡ್‌ವರ್ಕಿಗೆ ತಾಯಲೂರು. ಬಸ್ಸಿನಲ್ಲಿ ನನಗೆ ವಾಂತಿ ಬರುತ್ತದೆಂದು ಭೀಮರಾಜ್ ಕಿಟಕಿ ಬಿಟ್ಟುಕೊಡುತ್ತಿದ್ದ. ಮನೆಮನೆಗೆ ಹೋಗಿ ನಾನು ಪ್ರಶ್ನೆ ಕೇಳಿದರೆ ಅವನು ಬರೆದುಕೊಳ್ಳುತ್ತಿದ್ದ. ಬರೆಯುವಾಗ ಒಮ್ಮೆ ತಲೆಯೆತ್ತಿ, ಮಾತಾಡುತ್ತಿರುವವರನ್ನು ಬಿಟ್ಟು ನನ್ನನ್ನು ನೋಡಿ, ಮತ್ತೆ ತಲೆ ತಗ್ಗಿಸುತ್ತಿದ್ದ. ಆ ಒಂದು ನೋಟಕ್ಕೆ ನಾನು ಮುಂದಿನ ಪ್ರಶ್ನೆ ಮರೆಯುತ್ತಿದ್ದೆ. ಯಾವಾಗ ಶುರುವಾಯಿತೋ ಹೇಳಲಾರೆ. ಬುಧವಾರಗಳು ಉದ್ದವಾದವು, ಭಾನುವಾರಗಳು ಇನ್ನೂ ಉದ್ದವಾದವು. ನನಗೆ ಅವನು ಬೇಕಿತ್ತು. ಅವನಿಗೆ ನಾನು ಬೇಕೋ ಬೇಡವೋ, ಅದೊಂದು ಗೊತ್ತಾಗುತ್ತಿರಲಿಲ್ಲ.

ಮೂರನೇ ವರ್ಷದ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಬಂತು. ಬೇಕಾದವರು ನಾಲ್ಕನೇ ವರ್ಷ ಆನರ್ಸ್ ಓದಬಹುದು, ಆದರೆ ಹತ್ತು ಜನ ಸಹಿ ಹಾಕಿದರೆ ಮಾತ್ರ ಕ್ಲಾಸು ನಡೆಯುತ್ತದೆ, ಕೊನೆಯ ದಿನ ಮುಂದಿನ ಶನಿವಾರ. ಇನ್ನೊಂದು ವರ್ಷ ತಾಯಲೂರು! ಮನೆಗೆ ಹೋಗಿ ಅಪ್ಪನನ್ನು ಕೇಳಿದೆ. "ಓದಮ್ಮ, ತೋಪೇನು ಎದ್ದು ಓಡೋಗುತ್ತಾ" ಎಂದರು.

ಆ ಗುರುವಾರ ತಾಯಲೂರಿನ ಕೆರೆಕಟ್ಟೆಯ ಹುಣಸೆ ಮರದ ಕೆಳಗೆ ತಿಂಡಿ ಡಬ್ಬಿ ಬಿಚ್ಚಿದೆ. ತೋತಾಪುರಿ ಹೋಳು, ಉಪ್ಪು, ಖಾರ. ಅಪ್ಪ ಒಪ್ಪಿದ್ದನ್ನು ಹೇಳಲು ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ ಅವನ ಮುಖ ಏನಾಗುತ್ತದೋ ನೋಡೋಣ ಅನ್ನುವ ಹಾಳು ಬುದ್ಧಿ ಬಂತು.

"ನಮ್ಮನೇಲಿ ಒಪ್ಪಲ್ವಂತೆ ಕಣೋ. ನಂದು ಮೂರು ವರ್ಷಕ್ಕೇ ಮುಗೀತು."

"ಹೌದಾ," ಎಂದ. ಇನ್ನೊಂದು ಹೋಳು ತೆಗೆದುಕೊಂಡ.

ಅಷ್ಟೇ! ಮೂರು ವರ್ಷಕ್ಕೆ ಒಂದು 'ಹೌದಾ'!

"ಯಾಕೋ ಕಣ್ಣಲ್ಲಿ ನೀರು?" ಎಂದು ಕೇಳಿದೆ.

"ಖಾರ ಜಾಸ್ತಿ ಆಯ್ತು," ಎಂದ.

ಮೈಯೆಲ್ಲ ಉರಿದುಹೋಯಿತು. ಉಳಿದ ಹೋಳುಗಳನ್ನು ಅವನಿಗೆ ಕೊಡದೆ ನಾನೇ ತಿಂದೆ. ಸುಳ್ಳು ಹೇಳಿದೆ ಅನ್ನುವುದನ್ನು ಹೇಳಲೂ ಇಲ್ಲ.

ಸೋಮವಾರ ನೋಡಿದರೆ ಲೈಬ್ರರಿ ಮೆಟ್ಟಿಲ ಮೇಲೆ ಅವನು ಶೋಭಾರಾಣಿಯ ಜೊತೆ ಪಿಸುಪಿಸು ಮಾತಾಡುತ್ತಿದ್ದ. ಶೋಭಾ ನಮ್ಮ ಕ್ಲಾಸಿನವಳೇ, ಕಾಲೇಜಿನ ಹಾಡುಗಾರ್ತಿ. ಅವಳನ್ನು ಮನೆಯವರು ಮುಂದೆ ಓದಿಸುವುದಿಲ್ಲವೆಂದು ಪಟ್ಟು ಹಿಡಿದಿದ್ದಾರೆ, ಅವಳು ದಿನಾ ಅಳುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನನ್ನನ್ನು ಕಂಡದ್ದೇ ಇಬ್ಬರೂ ಸುಮ್ಮನಾದರು.

ಶುಕ್ರವಾರ ಡಬ್ಬಿಯಲ್ಲಿ ಒಂಬತ್ತು ಚೀಟಿ. ಏಳನೆಯದನ್ನು ಬಿಡಿಸಿದೆ. ಹೆಸರಿರಲಿಲ್ಲ. ಆದರೆ ಮೂರು ವರ್ಷ ಜೊತೆಗೆ ರಿಪೋರ್ಟು ಬರೆದವಳಿಗೆ ಆ ಅಕ್ಷರ ಗೊತ್ತಾಗುವುದಿಲ್ಲವೇ?

"ನಮ್ಮ ಕ್ಲಾಸಿನ ಒಬ್ಬಳು ನಾಲ್ಕನೇ ವರ್ಷಕ್ಕೂ ಇಲ್ಲೇ ಇರಲಿ. ಅವಳ ಮನೆಯವರು ಒಪ್ಪಲಿ. ಅವಳಿಲ್ಲದೆ ನನಗೆ ಇಲ್ಲಿ ಓದುವ ಮನಸ್ಸಿಲ್ಲ."

ಹಾರ್ಮೋನಿಯಂ ಪಕ್ಕ ಶೋಭಾ ತಲೆ ತಗ್ಗಿಸಿ ನಿಂತಿದ್ದಳು. ಮೂರನೇ ಸಾಲಿನಲ್ಲಿ ಭೀಮರಾಜ್ ನನ್ನನ್ನೇ ನೋಡುತ್ತಿದ್ದ. ಅವಳಿಗಾಗಿ ಅವನು ಬೇಡುವುದನ್ನು ನನ್ನ ಗಂಟಲಿನಿಂದ ಓದಬೇಕಾ? ನನ್ನಿಂದಾಗದು. ಚೀಟಿ ಮಡಚಿ, ಟೀ ಕಲೆಯ ಅದೇ ಹಳೇ ಫೈಲಿನೊಳಗೆ ತೂರಿಸಿ ಎಂಟನೆಯದನ್ನು ಓದಿದೆ. ಒಂಬತ್ತನೆಯದೂ ಮುಗಿದು ಎಲ್ಲರೂ ಎದ್ದರೂ ಅವನು ಕೂತೇ ಇದ್ದ.

ಶನಿವಾರ ಹಾಳೆಯ ಮುಂದೆ ಜನ ನಿಂತಿದ್ದರು. ಅವರಿಬ್ಬರೂ ಬೇಕಾದರೆ ಓದಿಕೊಳ್ಳಲಿ ಎಂದು ಪೆನ್ನನ್ನು ಬ್ಯಾಗಿಗೆ ಹಾಕಿಕೊಂಡು, ಅತ್ತ ತಿರುಗಿಯೂ ನೋಡದೆ ಬಸ್ ಹತ್ತಿದೆ.

ಸೋಮವಾರ ಸಿಸ್ಟರ್ ಕ್ಲಾಸಿಗೆ ಬಂದು ಹೇಳಿದರು. "ಎಂಟೇ ಜನ ಆದ್ರು. ಆನರ್ಸ್ ಇಲ್ಲ."

ಶೋಭಾ ಬೆಂಚಿಗೆ ತಲೆಯಿಟ್ಟು ಅತ್ತಳು. ಅವಳ ಮನೆಯವರು ಕೊನೇ ಗಳಿಗೆಯಲ್ಲಿ ಒಪ್ಪಿದ್ದರಂತೆ, ಹಾಳೆಯಲ್ಲಿ ಎಂಟನೇ ಹೆಸರು ಅವಳದೇ ಅಂತೆ. ಭೀಮರಾಜನ ಹೆಸರು ಇರಲೇ ಇಲ್ಲ.

"ನಿನ್ನ ಭೀಮರಾಜ್ ಯಾಕೆ ಸೈನ್ ಹಾಕ್ಲಿಲ್ಲ?" ಎಂದು ಕೇಳಿಯೇಬಿಟ್ಟೆ.

"ನನ್ನ ಭೀಮರಾಜಾ? ತಲೆ ಕೆಟ್ಟಿದ್ಯೇನೇ ನಿಂಗೆ?" ಕಣ್ಣೊರೆಸಿಕೊಂಡು ಸಿಟ್ಟಿನಿಂದಲೇ ಹೇಳಿದಳು. "ಅವತ್ತು ಮೆಟ್ಟಿಲ ಮೇಲೆ ನಿಮ್ಮಪ್ಪನ್ನ ಹೆಂಗೆ ಒಪ್ಸೋದು ಅಂತ ಕೇಳ್ತಿದ್ದ ಕಣೇ. ಎದುರಿಗೆ ಹೇಳೋಕೆ ಧೈರ್ಯ ಇಲ್ದಿದ್ರೆ ಚೀಟಿ ಹಾಕು, ಅವಳೇ ಓದ್ತಾಳೆ ಅಂತ ನಾನೇ ಹೇಳ್ದೆ. ನೀನು ಓದ್ಲಿಲ್ಲ. ಬೇಡ ಅನ್ನೋದೇ ನಿನ್ನ ಉತ್ತರ ಅಂದ್ಕೊಂಡು ಅವನೂ ಸೈನ್ ಹಾಕ್ಲಿಲ್ಲ."

ಎಂಟಕ್ಕೆ ಎರಡು ಸೇರಿದರೆ ಹತ್ತು.

ಸಿಸ್ಟರ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿ ಅತ್ತೆ. "ನಾವಿಬ್ರೂ ಈಗ ಸೈನ್ ಹಾಕ್ತೀವಿ ಸಿಸ್ಟರ್."

"ಪಟ್ಟಿ ಯೂನಿವರ್ಸಿಟಿಗೆ ಹೋಯ್ತಮ್ಮ. ನಿನ್ನ ಕೋಪಕ್ಕೆ ಎಂಟು ಮಕ್ಕಳ ಒಂದು ವರ್ಷ ಹೋಯ್ತು." ಅವರು ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ಬಯ್ಯಲಿಲ್ಲ. "ಆ ಚೀಟಿ ಇದೆಯಾ? ಶುಕ್ರವಾರ ಓದು. ಅದನ್ನ ಬಿಡೋ ಹಕ್ಕು ನಿನಗಿಲ್ಲ."

ಅದು ನಮ್ಮ ಕೊನೆಯ ಶುಕ್ರವಾರ. ಫೀಲ್ಡ್‌ವರ್ಕು ಮುಗಿದಿತ್ತು, ನಾಲ್ಕು ದಿನ ಅವನು ನನ್ನ ಕಣ್ಣಿಗೆ ಸಿಗದಂತೆ ತಪ್ಪಿಸಿಕೊಂಡು ಓಡಾಡಿದ್ದ. ಡಬ್ಬಿಯ ಚೀಟಿಗಳೆಲ್ಲ ಮುಗಿದ ಮೇಲೆ ಫೈಲು ಬಿಚ್ಚಿದೆ.

"ಇನ್ನೊಂದಿದೆ. ಹೋದ ವಾರದ್ದು. ನಾನು ಓದಬೇಕಿತ್ತು, ಓದಲಿಲ್ಲ."

ಕೊನೆಯ ಸಾಲಿಗೆ ಕೇಳುವ ನನ್ನ ಗಂಟಲು ಅಂದು ಮೊದಲ ಸಾಲಿಗೂ ಸರಿಯಾಗಿ ಕೇಳಲಿಲ್ಲ. ಆದರೂ ಮೂರು ವಾಕ್ಯ ಓದಿ ಮುಗಿಸಿದೆ. "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು" ಎಂದರು ಎಲ್ಲರೂ. ಮೂರನೇ ಸಾಲಿನಲ್ಲಿ ಒಬ್ಬ ಮಾತ್ರ ಬಾಯಿ ತೆರೆಯಲಿಲ್ಲ.

ಆಮೇಲಿನದಕ್ಕೆ ನನ್ನ ಕೈಯಲ್ಲಿ ಚೀಟಿ ಇರಲಿಲ್ಲ.

"ಅವಳ ಮನೆಯವರು ಮೊದಲೇ ಒಪ್ಪಿದ್ದರು. ಅವಳು ಸುಳ್ಳು ಹೇಳಿದ್ದಳು. ಅವಳಿಗೂ ಅವನಿಲ್ಲದೆ ಎಲ್ಲಿಯೂ ಮನಸ್ಸಿಲ್ಲ. ಅವನು ಅವಳನ್ನು ಕ್ಷಮಿಸಲಿ."

ಮುನ್ನೂರು ಜನಕ್ಕೂ ಏನೆನ್ನಬೇಕೋ ತೋಚಲಿಲ್ಲ. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅಷ್ಟರಲ್ಲಿ ಮೂರನೇ ಸಾಲಿನಿಂದ ಒಂದೇ ದನಿ ಬಂತು.

"ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು."

ಸಿಸ್ಟರ್ ಗಂಟಲು ಸರಿಮಾಡಿಕೊಂಡು ಹಾಡು ಶುರುಮಾಡಿ ಎಂದರು.

ಒಂದು ವರ್ಷ ಸಿಗಬೇಕಿದ್ದ ನಮಗೆ ಪರೀಕ್ಷೆಯ ಹದಿನೈದು ದಿನ ಸಿಕ್ಕಿತು. ಕೊನೆಯ ಪೇಪರ್ ಮುಗಿದ ಮಧ್ಯಾಹ್ನ ಅವನು ಹಾಸ್ಟೆಲಿನ ಟ್ರಂಕು ಹೊತ್ತುಕೊಂಡು ನನ್ನ ಬಸ್ಸಿಗಾಗಿ ನನ್ನ ಜೊತೆ ಕಾದ.

"ಅವತ್ತು ಖಾರ ಅಲ್ಲ," ಎಂದ.

"ಗೊತ್ತಾಯ್ತು. ಮಾಸ್ತಿಯಿಂದ ಯಲ್ದೂರಿಗೆ ಎಷ್ಟು ಬಸ್ಸು?"

"ಮಾಲೂರಿಗೆ ಒಂದು, ಕೋಲಾರಕ್ಕೆ ಒಂದು, ಶ್ರೀನಿವಾಸಪುರಕ್ಕೆ ಒಂದು, ಅಲ್ಲಿಂದ ನಿಮ್ಮೂರಿಗೆ ಒಂದು. ನಾಲ್ಕು."

"ಬರ್ತೀಯಾ?"

"ಕೆಲಸ ಸಿಕ್ಕಿದ ದಿನ ಬರ್ತೀನಿ. ನಿಮ್ಮಪ್ಪನ್ನ ಒಪ್ಸೋದು ಹೆಂಗೆ ಅಂತ ಶೋಭಾ ಹೇಳ್ಕೊಟ್ಟಿದಾಳಲ್ಲ."

ಬಸ್ಸು ಬಂತು. ಕಿಟಕಿ ಪಕ್ಕ ಕೂತೆ. ಬಿಟ್ಟುಕೊಡುವವರು ಪಕ್ಕದಲ್ಲಿ ಇರಲಿಲ್ಲ.

"ಬರ್ದೇ ಇದ್ರೆ?" ಎಂದು ಅವನೇ ಕೆಳಗಿನಿಂದ ಕೂಗಿದ.

"ತೋಕ ಕೋಸ್ತಾ!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವನು ಟ್ರಂಕು ಕೆಳಗಿಟ್ಟು, ಮೊದಲ ದಿನದಂತೆಯೇ ಹಿಂದಕ್ಕೆ ತಿರುಗಿ ಬಾಲ ಹುಡುಕಿದ. ನಾನು ನಕ್ಕೆ. ರಸ್ತೆ ತಿರುಗಿ ಅವನು ಮರೆಯಾಗುವವರೆಗೂ ನಕ್ಕೆ. ಅಲ್ಲಿಂದ ಯಲ್ದೂರು ಬರುವವರೆಗೂ ಅತ್ತೆ.