ಗಾಜಿನ ಮೇಲೆ ಕುಂಕುಮ

ಆಯುಧಪೂಜೆಯ ದಿನ ಮದ್ದೂರಿನ ನಮ್ಮ ಸ್ಟುಡಿಯೋಗೆ ಬಂದ ಸಿದ್ದೇಶ್, ಅಪ್ಪನ ಹಳೆಯ ಲೆನ್ಸಿನ ಗಾಜಿಗೇ ಅರಿಸಿನ ಬಳಿದು ನಡುವೆ ಕುಂಕುಮ ಇಟ್ಟಿದ್ದ. ನೋಡಿ ನನಗೆ ಮೈಯೆಲ್ಲ ಉರಿಯಿತು.

ಅರ್ಧ ಊರಿನ ಮದುವೆಗಳನ್ನು ಅಪ್ಪ ಆ ಲೆನ್ಸಿನಲ್ಲೇ ತೆಗೆದದ್ದು. ಈಗಲೂ ನಾನು ಅಡಾಪ್ಟರ್ ಸಿಕ್ಕಿಸಿ ಅದನ್ನು ಹೊಸ ಕ್ಯಾಮೆರಾಗೆ ಹಾಕುತ್ತೇನೆ. ಮದುಮಗಳ ಮುಖ ಅದರಲ್ಲಿ ಬಂದಂತೆ ಇನ್ನಾವುದರಲ್ಲೂ ಬರುವುದಿಲ್ಲ. ಇವನಿಗೆ ಗೊತ್ತಿರಲಿಲ್ಲವಂತೆ. ಬಾಯಿಬಿಟ್ಟು ಕೇಳುವುದಕ್ಕೇನಾಗಿತ್ತು?

"ಹೊಸ ಲೆನ್ಸಿಗೆ ಕ್ಯಾಪಿನ ಮೇಲೆ ಇಟ್ಟಿದ್ದೀಯ. ಇದಕ್ಕೆ ಮಾತ್ರ ಗಾಜಿಗೆ. ಯಾಕ್ಲಾ?" ಎಂದೆ. ಕಾಲೇಜಿನಲ್ಲಿ ಜೊತೆಗೆ ಓದಿದವನು, ಈಗ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕೆಲಸ. ಅವನ ಹತ್ತಿರ ನನಗೇನು ಮುಲಾಜು?

"ಹಳೇದಲ್ವಾ ರಂಜಿತ, ಸುಮ್ನೆ ಪೂಜೆಗೆ ಇಟ್ಟವ್ರೆ ಅನ್ಕಂಡೆ. ಚೆಂದಾಗ್ ಕಾಣ್ಲಿ ಅಂತ ಹಚ್ದೆ."

"ನಾಳೆ ನಾನೂ ಹಳಬಳಾದ್ರೆ ನಂಗೂ ಕುಂಕುಮ ಇಟ್ಟು ಮೂಲೇಲಿ ಕೂರುಸ್ತೀಯಾ?"

ಅವನು ತಲೆ ತಗ್ಗಿಸಿದ. "ಬುಡವ್ವ, ತಿಳೀದೆ ಮಾಡವ್ನೆ" ಎಂದರು ಒಳಗಿಂದ ಬಂದ ಅಪ್ಪ. ನಾನು ಬಿಡಲಿಲ್ಲ. ಭಾನುವಾರ ಅವನ ತಾಯಿ ಸಣ್ಣತಾಯಮ್ಮ ಮಳವಳ್ಳಿಯಿಂದ ನನಗೆ ಹೂ ಮುಡಿಸಿ ನಮ್ಮಿಬ್ಬರ ಮದುವೆ ಗೊತ್ತುಮಾಡಲು ಬರುವವರಿದ್ದರು.

"ನಿಮ್ಮವ್ವಂಗೆ ಬರೋದ್ ಬ್ಯಾಡ ಅಂತೇಳು. ಎದ್ದೋಗು."

ಎದ್ದು ಹೋದ. ಬಾಗಿಲಲ್ಲಿ ತಿರುಗಿ ನೋಡಿದ. ಆ ನೋಟ ಅಂದರೆ ನನಗೆ ಪ್ರಾಣ, ಅದಕ್ಕೇ ಸಿಟ್ಟು ಇನ್ನೂ ಏರಿತು.

ಎಷ್ಟು ನಾಜೂಕಾಗಿ ಒರೆಸಿದರೂ ಅರಿಸಿನದ ತರಿ ತಾಗಿ ಗಾಜಿನ ಮೇಲೆ ಕೂದಲೆಳೆಯಷ್ಟು ಗೀರು ಉಳಿಯಿತು.

ಶನಿವಾರ ಮತ್ತೆ ಬಂದ. "ಫಾರಂ ಐಡಿ ಕಾರ್ಡಿಗೆ ಫೋಟೋ ಬೇಕು" ಎಂದ. ಸುಳ್ಳು, ಕಾರ್ಡು ಅವನ ಕೊರಳಲ್ಲೇ ನೇತಾಡುತ್ತಿತ್ತು. "ಆ ಲೆನ್ಸಲ್ಲೇ ತಗಿ."

ಸ್ಟೂಲಿನ ಮೇಲೆ ಕೂರಿಸಿದೆ. "ಇದ್ರಲ್ಲಿ ಆಟೋ ಫೋಕಸ್ ಇಲ್ಲ. ಕೈಯಲ್ಲೇ ತಿರುಗುಸ್ಬೇಕು. ಅಲ್ಲಾಡ್ಬೇಡ."

ಬೇಕೆಂದೇ ನಿಧಾನ ಮಾಡಿದೆ. ಮೊದಲು ಕಿವಿ ಕಂಡಿತು, ಆಮೇಲೆ ಕೆನ್ನೆ, ಆಮೇಲೆ ರೆಪ್ಪೆ. ಕಣ್ಣು ಸ್ಪಷ್ಟವಾಗಿ ಕಂಡಾಗ ನೀರು ತುಂಬಿತ್ತು.

"ತೆಪ್ಪಾಯ್ತು ರಂಜಿತ. ಮುಂದೆ ಯಾವ್ ಕ್ಯಾಮೆರಾ ಬಂದ್ರೂ ಈ ಲೆನ್ಸು ನಡೀತದಂತೆ, ಇಚಾರುಸ್ದೆ. ನಿನ್ ಜೊತೆ ನಾನೂ ಅಂಗೇ ಇರ್ತೀನಿ. ನೀನಿಲ್ದೆ ನಂಗಾಗಾಕಿಲ್ಲ."

ಬಟನ್ ಒತ್ತಿದೆ. ಗೀರಿನ ದೆಸೆಯಿಂದ ಅವನ ಮುಖದ ಸುತ್ತ ಬೆಳಕು ಚೆಲ್ಲಿ ಹರಡಿತ್ತು. ಹಾಳಾದವನು, ಅದರಲ್ಲೂ ಚೆನ್ನಾಗಿಯೇ ಬಂದಿದ್ದ.

"ನಾಳೆ ಅವ್ವ ಬರ್ಲಾ?" ಎಂದು ಮೆಲ್ಲಗೆ ಕೇಳಿದ.

ಲೆನ್ಸಿಗೆ ಕ್ಯಾಪು ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

"ಬರ್ಲಿ. ಕುಂಕುಮ ನನ್ ಹಣೆಗಿಡಕ್ಕೇಳು. ಇನ್ನೊಂದ್ಸಲ ಗಾಜು ಮುಟ್ಟಿದ್ರೆ ಮಾತ್ರ ನಿನ್ ಗ್ರಾಚಾರ ಬಿಡುಸ್ತೀನಿ."