ಬರುವಾಗ ಎರಡು ಸೀಟು

"ಹೋಗೋದಕ್ಕೆ ಒಂದು ಸೀಟು ಸಾಕು. ಬರೋದಕ್ಕೆ ಎರಡು ಬೇಕು."

ನೊಮಾಲಂಗಾಳ ಕೈ ಕಂಪ್ಯೂಟರಿನ ಮೇಲೆ ಹಾಗೇ ನಿಂತಿತು. ಮೇಜಿನಾಚೆ ಕೂತಿದ್ದ ಮೆಲುಸಿ ಗುಮೆಡೆ ತಮಾಷೆ ಮಾಡುತ್ತಿರಲಿಲ್ಲ.

ಪೀಟರ್‌ಮಾರಿಟ್ಸ್‌ಬರ್ಗ್‌ನ ಆ ಪುಟ್ಟ ಪ್ರವಾಸ ಕಚೇರಿಯಲ್ಲಿ ಅವಳ ಕೆಲಸವೇ ಇದು. ಹೊರದೇಶ ನೋಡಬೇಕೆಂದು ಬಂದವರಿಗೆ ಒಂದೇ ದಾರಿಯನ್ನು ಮೂರು ಬಗೆಯಲ್ಲಿ ಹೊಂದಿಸಿ ಕೊಡುವುದು. ಬಸ್ಸು, ಡೇರೆಯ ಬಡವರ ದಾರಿ. ಸಾಧಾರಣ ಅತಿಥಿಗೃಹಗಳ ನಡುವಿನ ದಾರಿ. ನೀರಿಗೆ ಎದುರಾಗಿ ಮಂಚ ಹಾಕಿಸುವ ಸಾಹುಕಾರರ ದಾರಿ. ಜನ ಜೇಬು ಮುಟ್ಟಿ ನೋಡಿಕೊಂಡು ಒಂದನ್ನು ಆರಿಸುತ್ತಿದ್ದರು.

ಮೆಲುಸಿ ಎರಡನ್ನು ಆರಿಸಿದ. ಮಲಾವಿಯ ಸರೋವರದವರೆಗೆ ಹೋಗುವುದಕ್ಕೆ ಬಡವರ ದಾರಿ. ವಾಪಸ್ಸು ಬರುವುದಕ್ಕೆ ಸಾಹುಕಾರರ ದಾರಿ... ಸರೋವರದಲ್ಲಿ ದೋಣಿ, ಆಮೇಲೆ ನ್ಯಾಂಗಾ ಬೆಟ್ಟ, ಆಮೇಲೆ ವಿಕ್ಟೋರಿಯಾ ಜಲಪಾತ. ತಂಗುವ ಕಡೆಯೆಲ್ಲ ಎರಡು ಮಂಚ, ಬಸ್ಸಿನಲ್ಲೆಲ್ಲ ಒಂದು ಸೀಟು ಕಿಟಕಿ ಪಕ್ಕದ್ದೇ ಆಗಬೇಕು.

"ಅಲ್ಲಿ ಯಾರಿದ್ದಾರೆ?" ಬೇಡ ಬೇಡವೆಂದರೂ ಅವಳ ಬಾಯಿಂದ ಬಂದುಬಿಟ್ಟಿತು.

"ಒಬ್ಬರು ಕಾಯ್ತಾ ಇದ್ದಾರೆ. ದಿನಾ ಕನಸಲ್ಲಿ ಕಿಟಕಿ ಆಚೆ ನಿಂತು ಕರೀತಾರೆ. ಇದಕ್ಕಿಂತ ಹೆಚ್ಚು ಈಗ ಹೇಳೋ ಹಾಗಿಲ್ಲ."

"ಎರಡನೇ ಟಿಕೆಟ್ಟಿಗೆ ಹೆಸರು?"

"ಗುಮೆಡೆ ಅಂತಲೇ ಹಾಕಿ."

ಅಂದರೆ ಅವನದೇ ಮನೆತನದ ಹೆಸರು! ಹಾಗಾದರೆ ಹೆಂಡತಿಯೇ ಎಂದುಕೊಂಡಳು.

ಈ ಯೋಜನೆಯ ನೆಪದಲ್ಲಿ ಅವನು ಎಷ್ಟು ಸಲ ಬಂದಿರಲಿಲ್ಲ! ಬಂದಾಗಲೆಲ್ಲ ಕರಿದ ಬಿಸಿ ಹಿಟ್ಟಿನುಂಡೆ, ಅಮಗ್ವಿನ್ಯಾ, ಕಟ್ಟಿಸಿಕೊಂಡು ಬಂದು ಅವಳ ಮುಂದಿಟ್ಟು, ಅವಳು ತಿನ್ನುವುದನ್ನು ನೋಡುತ್ತಾ ಕೂರುತ್ತಿದ್ದ. ಅದನ್ನೆಲ್ಲ ಪ್ರೀತಿ ಎಂದುಕೊಂಡಿದ್ದಳು ಪಾಪದ ಹುಡುಗಿ.

"ಅವನ ಹೆಂಡತಿಗೆ ನೀನೇ ಮಂಚ ಹಾಕಿಸಿಕೊಟ್ಟೆಯಲ್ಲೇ" ಎಂದು ಕಚೇರಿಯ ಹಿರಿಯಳಾದ ಫುಮ್ಲಾ ಚುಚ್ಚಿದಳು. "ಅಮಗ್ವಿನ್ಯಾ ತಿಂದ ಋಣ ತೀರ್ತು ಬಿಡು."

ಅವನು ಹೋದ. ಸ್ವಲ್ಪ ದಿನಕ್ಕೆ ಫೋನುಗಳು ಶುರುವಾದವು.

ಮೊದಲನೆಯದು ನ್ಯಾಂಗಾ ಬೆಟ್ಟದ ಅತಿಥಿಗೃಹದಿಂದ. "ಮೇಡಂ, ಇಬ್ಬರು ಅಂತ ಬುಕ್ ಮಾಡಿದ್ರಿ. ಮಾತಾಡದೆ ಬೆರಳು ತೋರಿಸೇ ಇಬ್ಬರ ಊಟ ತರಿಸ್ಕೊಂಡ್ರು. ಆದ್ರೆ ಬಂದಿರೋದು ಒಬ್ಬರೇ."

"ಇನ್ನೊಬ್ಬರು ರೂಮಲ್ಲಿ ಇರಬೇಕು."

"ಇಲ್ಲ ಮೇಡಂ. ಯಾರೂ ನೋಡಿಲ್ಲ." ಆ ಹೆಂಗಸು ದನಿ ತಗ್ಗಿಸಿದಳು. "ಆದ್ರೆ ಬೆಳಗ್ಗೆ ನಾನೇ ಹಾಸಿಗೆ ಸರಿಮಾಡೋಕೆ ಹೋಗಿದ್ದೆ. ಎರಡನೇ ಮಂಚದ ದಿಂಬಿನ ಮೇಲೆ ತಲೆ ಇಟ್ಟ ಗುಳಿ ಇತ್ತು. ಇನ್ನೂ ಬೆಚ್ಚಗಿತ್ತು."

ನೊಮಾಲಂಗಾಳ ಮೈ ಜುಮ್ಮೆಂದಿತು. ಆದರೂ ಹೊಟ್ಟೆಕಿಚ್ಚು ಹೆದರಿಕೆಗಿಂತ ಗಟ್ಟಿ. ಯಾರಿಗೂ ಕಾಣದ ಹಾಗೆ ಬಚ್ಚಿಟ್ಟುಕೊಂಡು ಕರೆತರುತ್ತಿದ್ದಾನಾ? ಅಷ್ಟು ಚೆಲುವೆಯಾ ಅವಳು?

ಎರಡನೆಯದು ಜಲಪಾತದ ಗೈಡ್‌ನದು. "ನಿಮ್ಮ ಗಿರಾಕಿ ಎರಡು ರೇನ್‌ಕೋಟ್ ತಗೊಂಡು ಬರೀ ಗಾಳಿ ಜೊತೆ ಮಾತಾಡ್ತಾ ಇದ್ದಾರೆ. ನಾವು ಏನು ಕೇಳಿದ್ರೂ ಬಾಯಿ ಬಿಡಲ್ಲ. ಬೇಕಾದ್ರೆ ನೀವೇ ಕೇಳಿ."

ನೀರಿನ ಮೊರೆತದ ನಡುವೆ ಮೆಲುಸಿಯ ದನಿ ಕೇಳಿಸಿತು. ಅಷ್ಟು ಮೆತ್ತಗೆ ಅವನು ಅವಳ ಹತ್ತಿರ ಎಂದೂ ಮಾತಾಡಿರಲಿಲ್ಲ. "ಕಾಮನಬಿಲ್ಲು ನೋಡು... ಕಾಣ್ತಾ? ಇನ್ನೂ ಈ ಕಡೆ ಬಾ, ಒದ್ದೆ ಆಗ್ತೀಯ."

ಆಮೇಲೆ ಫೋನಿಗೆ ತೀರಾ ಹತ್ತಿರದಲ್ಲಿ ಒಬ್ಬ ಹೆಂಗಸು ನಕ್ಕಳು.

"ಯಾರದು ನಕ್ಕಿದ್ದು?"

"ಇಲ್ಲಿ ಯಾರೂ ನಗಲಿಲ್ವಲ್ಲ, ಮೇಡಂ."

ನೊಮಾಲಂಗಾ ಫೋನಿಟ್ಟು ಅತ್ತಳು. ಅವನು ಬಂದಿಳಿಯುವ ಬೆಳಗ್ಗೆ, ಯಾರು ಬೇಡವೆಂದರೂ ಕೇಳದೆ ಬಸ್ ನಿಲ್ದಾಣಕ್ಕೆ ಹೋದಳು. ಆ ಹೆಂಗಸಿನ ಮುಖ ಒಮ್ಮೆ ನೋಡಿಬಿಟ್ಟರೆ ಆಸೆಯಾದರೂ ಸಾಯುತ್ತದೆ ಎಂಬ ಲೆಕ್ಕ ಅವಳದು.

ಬೆಟ್ಟದಿಂದ ಇಳಿದ ಮಂಜು ನಿಲ್ದಾಣವನ್ನೆಲ್ಲ ತುಂಬಿತ್ತು. ಬಸ್ಸಿನಿಂದ ಮೆಲುಸಿ ಇಳಿದ. ಬಾಗಿಲಲ್ಲಿ ನಿಂತು, ವಯಸ್ಸಾದವರಿಗೆ ಕೈ ಕೊಡುವ ಹಾಗೆ ಖಾಲಿ ಮೆಟ್ಟಿಲಿನತ್ತ ಕೈ ಚಾಚಿದ. ಇನ್ನೊಂದು ಕೈಯಲ್ಲಿ ಬಿಳಿ ಬಟ್ಟೆ ಸುತ್ತಿದ ಎಲಚಿಯ ಮುಳ್ಳುಕೊಂಬೆಯಿತ್ತು.

"ಮೆಟ್ಟಿಲಿದೆ, ಅಮ್ಮಾ. ನೋಡ್ಕೊಂಡು ಇಳಿ. ನಮ್ಮೂರು ಬಂತು."

ನೊಮಾಲಂಗಾಳ ಕಣ್ಣು ಆ ಕೊಂಬೆಯ ಮೇಲೆ ಬಿತ್ತು.

ಜುಲು ಮನೆಯಲ್ಲಿ ಹುಟ್ಟಿದವಳಿಗೆ ಆ ಕೊಂಬೆ ಗೊತ್ತಿಲ್ಲವೇ? ದೂರದಲ್ಲಿ ಸತ್ತವರ ಜೀವ ದಾರಿ ತಪ್ಪಿ ಅಲ್ಲೇ ಉಳಿಯುತ್ತದೆ. ಅವರು ಕೊನೆಯುಸಿರೆಳೆದ ಜಾಗಕ್ಕೇ ಹೋಗಿ, ಕೊಂಬೆಯ ಮೇಲೆ ಕರೆದು, ಅವರಿಗೂ ಟಿಕೆಟ್ಟು ಕೊಟ್ಟು ಮನೆಗೆ ತರಬೇಕು. ಕೊಂಬೆ ಹಿಡಿದವನು ಮನೆ ಮುಟ್ಟುವವರೆಗೆ ಬೇರೆ ಯಾರೊಡನೆಯೂ ಮಾತಾಡುವಂತಿಲ್ಲ. ಆದರೆ ಹಾಗೆ ತರುವವರು ನೇರ ಮನೆಗೆ ಬರುತ್ತಾರೆ, ಜಲಪಾತ ತೋರಿಸಿಕೊಂಡು ಬರುವುದಿಲ್ಲ. ಅಲ್ಲೇ ಎಡವಿದ್ದಳು ಅವಳು.

ಮೆಲುಸಿ ಅವಳನ್ನು ನೋಡಿದ. ಅವಳೊಡನೆ ನೇರವಾಗಿ ಮಾತಾಡುವಂತಿರಲಿಲ್ಲ. ಕೊಂಬೆಯತ್ತ ಬಾಗಿದ.

"ಅಮ್ಮಾ, ನಿನಗೆ ಕಿಟಕಿ ಪಕ್ಕದ ಸೀಟು ಹುಡುಕಿ ಕೊಟ್ಟವಳು ಇವಳೇ, ನೊಮಾಲಂಗಾ. ಸಾಹುಕಾರರ ಮಕ್ಕಳನ್ನ ನೋಡ್ಕೊಳ್ಳೋಕೆ ಅಂತ ನೀನು ಅವರ ಜೊತೆ ಅಷ್ಟು ದೂರ ಹೋದೆ. ಸರೋವರಾನ ಅಡುಗೆಮನೆ ಕಿಟಕಿಯಿಂದ ನೋಡಿದ್ದಷ್ಟೇ, ಅಲ್ಲೇ ಜ್ವರ ಬಂದು ಹೋಗ್ಬಿಟ್ಟೆ. ಬರುವಾಗಲಾದ್ರೂ ನೀನು ಎಲ್ಲಾ ನೋಡ್ಕೊಂಡು ಬರಬೇಕು ಅಂತ ನಾನು ಇವಳ ಹತ್ತಿರ ಹೋದೆ, ಅಮ್ಮಾ. ಹೋದವನಿಗೆ ವಾಪಸ್ಸು ಬರೋ ಮನಸ್ಸೇ ಆಗ್ಲಿಲ್ಲ."

ಅವಳ ಕಣ್ಣು ತುಂಬಿತು.

"ಇವಳು ಅಂದ್ರೆ ನನಗೆ ಪ್ರಾಣ. ಇವಳಿಗೆ ನಾನು ಬೇಕಾ ಅಂತ ನೀನೇ ಕೇಳಮ್ಮಾ. ನಾನು ಕೇಳೋ ಹಾಗಿಲ್ವಲ್ಲ."

ನೊಮಾಲಂಗಾ ಮೆಲುಸಿಯನ್ನು ನೋಡಲಿಲ್ಲ. ಕೊಂಬೆಯ ಮುಂದೆ ಮಂಡಿಯೂರಿದಳು. "ಬೇಕು, ಅಮ್ಮಾ. ನಿಮ್ಮ ನಗು ಕೇಳಿ ಹೊಟ್ಟೆ ಉರ್ಕೊಂಡಿದ್ದೆ. ತಪ್ಪಾಯ್ತು."

ಅವನು ಟ್ಯಾಕ್ಸಿಯ ಬಾಗಿಲು ತೆಗೆದು, ಕಿಟಕಿ ಪಕ್ಕದ ಸೀಟಿನಲ್ಲಿ ತಾಯಿ ಕೂರುವವರೆಗೆ ಕಾದು, ಕೊಂಬೆಯನ್ನು ಮೆಲ್ಲಗೆ ಅಲ್ಲಿಟ್ಟು, ತಾನು ಈಚೆಗೆ ಕೂತ.

"ಅಮ್ಮಾ, ಮುಂದಿನ ಸಲಕ್ಕೆ ಹೋಗೋದಕ್ಕೂ ಎರಡು ಸೀಟು ಬೇಕು ಅಂತ ಅವಳಿಗೆ ಹೇಳು."

"ಬಡವರ ದಾರೀಲಿ ಕರ್ಕೊಂಡು ಹೋದ್ರೂ ಬರ್ತೀನಿ ಅಂತ ನಿಮ್ಮ ಮಗನಿಗೆ ಹೇಳಿ, ಅಮ್ಮಾ."

ಟ್ಯಾಕ್ಸಿ ಹೊರಟಿತು. ಮಂಜು ಹಿಡಿದ ಕಿಟಕಿಯ ಗಾಜಿನ ಮೇಲೆ, ಕೊಂಬೆಯಷ್ಟೇ ಇದ್ದ ಆ ಸೀಟಿನ ನೇರಕ್ಕೆ, ಯಾರೋ ಒಳಗಿನಿಂದ ಅಂಗೈಯಲ್ಲಿ ಒರೆಸಿದ ಹಾಗೆ ಒಂದು ದುಂಡು ಜಾಗ ತಿಳಿಯಾಯಿತು. ನೊಮಾಲಂಗಾ ಶಾಲನ್ನು ಹೆಗಲ ತುಂಬ ಹೊದ್ದು, ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ ನಿಂತಳು.